ದಾಖಲೆಗೆ ಸಮಯದ ಮುದ್ರೆ: ಬ್ಲಾಕ್‌ಚೇನ್ ನುಡಿಯುವುದು ಅರ್ಧ ಸಾಕ್ಷಿ

ಅಣ್ಣ-ತಮ್ಮಂದಿರ ವಾಟ್ನಿ ಪತ್ರ, ಹೊಲದ ಲಾವಣಿ (ಗೇಣಿ) ಕರಾರು, ಪ್ಲಾಟಿನ ಸಂಚಕಾರ ಪತ್ರ, ಕೈಗಡದ ಚೀಟಿ. ಹುಬ್ಬಳ್ಳಿ-ಧಾರವಾಡದ ಕೋರ್ಟುಗಳಿಗೆ ಬರುವ ಇಂಥ ಕಾಗದಗಳಲ್ಲಿ ಎಷ್ಟೋ ಸಲ ಸಹಿ ನಿಜವಿರುತ್ತದೆ, ಕಾಗದವೂ ನಿಜವಿರುತ್ತದೆ, ತಾರೀಖು ಮಾತ್ರ ಯಾರಿಗೆ ಅನುಕೂಲವೋ ಅವರ ಕಡೆ ವಾಲಿರುತ್ತದೆ. ಹಳೆಯ ಛಾಪಾ ಕಾಗದದ ಕಾಲದಲ್ಲಿ "ಹಿಂದಿನ ತಾರೀಖಿನ ಬಾಂಡ್ ಸಿಗ್ತೈತೇನ್ರಿ?" ಎಂದು ಕೇಳುವವರಿದ್ದರು, ಹುಡುಕಿ ಕೊಡುವವರೂ ಇದ್ದರು. ಖಾನಾಪುರದ ಅಬ್ದುಲ್ ಕರೀಂ ತೆಲಗಿಯ ನಕಲಿ ಛಾಪಾ ಕಾಗದದ ಹಗರಣ ಬಯಲಾದ ಮೇಲೆ ಇ-ಸ್ಟಾಂಪ್ ಬಂತು. ಈಗ ಸೌಹಾರ್ದ ಸಹಕಾರಿಯ ಕೌಂಟರಿನಲ್ಲಿ ತೆಗೆಸಿದ ಬಾಂಡಿನ ನೆತ್ತಿಯ ಮೇಲೆ ಸರ್ಟಿಫಿಕೇಟ್ ನಂಬರು, ಎರಡೂ ಪಾರ್ಟಿಗಳ ಹೆಸರು, ತೆಗೆಸಿದ ದಿನ, ಗಂಟೆ ಎಲ್ಲ ಅಚ್ಚಾಗಿರುತ್ತದೆ.

ಇದರಿಂದ ಅರ್ಧ ಗಂಟು ಬಿಚ್ಚಿತು. ಮಾರ್ಚ್‌ನಲ್ಲಿ ತೆಗೆಸಿದ ಇ-ಸ್ಟಾಂಪಿನ ಮೇಲಿನ ಕರಾರು ಫೆಬ್ರುವರಿಯದ್ದಾಗಲು ಸಾಧ್ಯವಿಲ್ಲ. ಆದರೆ ಮಾರ್ಚ್‌ನ ಸ್ಟಾಂಪನ್ನು ಮನೆಯ ತಿಜೋರಿಯೊಳಗೆ ಮಡಚಿಟ್ಟು, ದೀಪಾವಳಿ ಕಳೆದ ಮೇಲೆ ಅದರ ಕೆಳಗೆ ಕರಾರು ಟೈಪ್ ಮಾಡಿಸಿ, ಮಾರ್ಚ್ ತಾರೀಖನ್ನೇ ಹಾಕಿದರೆ? ಸ್ಟಾಂಪು ಬಾಯಿ ಬಿಡುವುದಿಲ್ಲ. "ಇದಕ್ಕಿಂತ ಮೊದಲಿನದಲ್ಲ" ಎಂದಷ್ಟೇ ಅದು ಹೇಳಬಲ್ಲದು. "ಇದಕ್ಕಿಂತ ಆಮೇಲಿನದಲ್ಲ" ಎಂದು ಹೇಳಲು ಬೇರೆ ಸಾಕ್ಷಿ ಬೇಕು. ನೋಟರಿಯ ರಿಜಿಸ್ಟರು ಇರುವುದು ಅದಕ್ಕೇ, ಆದರೆ ಅದೂ ಒಬ್ಬರ ಕೈಯಲ್ಲಿರುವ ಪುಸ್ತಕ. ನೋಂದಣಿ ಕಚೇರಿಗೆ ಹೋದರೆ ತಕರಾರೇ ಇಲ್ಲ, ಆದರೆ ಕೈಗಡಕ್ಕೂ ಒಂದು ವರ್ಷದ ಲಾವಣಿಗೂ ಯಾರು ಹೋಗುತ್ತಾರೆ?

ಬ್ಲಾಕ್‌ಚೇನ್ ಸಮಯಮುದ್ರೆ ಹೊಂದಿಕೊಳ್ಳುವುದು ಈ ಖಾಲಿ ಜಾಗಕ್ಕೆ. ಬ್ಲಾಕ್‌ಚೇನ್ ಎಂದರೆ ನಮೂದುಗಳನ್ನು ಬ್ಲಾಕ್ ಎಂಬ ಕಟ್ಟುಗಳಾಗಿ ಒಂದರ ಹಿಂದೆ ಒಂದು ಪೋಣಿಸಿ, ಎಷ್ಟೋ ಕಂಪ್ಯೂಟರುಗಳಲ್ಲಿ ಪ್ರತಿ ಇಟ್ಟ ಲೆಕ್ಕದ ಪುಸ್ತಕ; ಹಿಂದಿನದನ್ನು ಗುಟ್ಟಾಗಿ ತಿದ್ದಲು ಬರುವುದಿಲ್ಲ. ಇ-ಸ್ಟಾಂಪಿನ ಉಲ್ಟಾ ಕೆಲಸ ಅದರದ್ದು. ಈ ಕಡತ ಇಂಥ ದಿನದ ಹೊತ್ತಿಗೆ ಇದೇ ರೂಪದಲ್ಲಿ ಇತ್ತು ಎಂದು ಅದು ಹೇಳುತ್ತದೆ. ಬರೆದವರು ಯಾರು, ಬರೆದದ್ದು ಖರೆಯೋ ಸುಳ್ಳೋ, ಅದಕ್ಕೂ ಎಷ್ಟು ಹಿಂದೆ ಹುಟ್ಟಿತ್ತು ಎಂಬುದರ ಗೊಡವೆ ಅದಕ್ಕಿಲ್ಲ. ಈ ಮಿತಿಯನ್ನು ಒಪ್ಪಿಕೊಂಡು ಕಟ್ಟಿದರೆ ಉಪಯೋಗದ ವಸ್ತು. ಒಪ್ಪದೆ "ಬ್ಲಾಕ್‌ಚೇನ್‌ನಲ್ಲಿ ಇದೆ, ಅಂದಮೇಲೆ ಅಸಲಿ" ಎಂದು ಮಾರಿದರೆ ಹೊಸ ನಮೂನೆಯ ಖೊಟ್ಟಿ ದಂಧೆಗೆ ಬಾಗಿಲು ತೆರೆದಂತೆ.

ಈ ವಿಚಾರ ಬ್ಲಾಕ್‌ಚೇನ್ ಮೇಲೆ ನಡೆಯುವ ಡಿಜಿಟಲ್ ಹಣವಾದ ಬಿಟ್‌ಕಾಯಿನ್‌ಗಿಂತ ಹಳೆಯದು. 1991ರಲ್ಲಿ ಅಮೆರಿಕದ ಬೆಲ್‌ಕೋರ್ ಸಂಸ್ಥೆಯಲ್ಲಿದ್ದ ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟಾರ್ನೆಟ್ಟಾ ಡಿಜಿಟಲ್ ಕಡತಕ್ಕೆ ತಾರೀಖು ಹಾಕುವುದು ಹೇಗೆ ಎಂಬ ಪ್ರಬಂಧ ಪ್ರಕಟಿಸಿದರು. ಕಡತವನ್ನು ಕೊಡಬೇಡಿ, ಅದರ ಹ್ಯಾಷ್ ಮಾತ್ರ ಕೊಡಿ ಎಂಬುದು ಮೊದಲ ಉಪಾಯ. ಹ್ಯಾಷ್ ಎಂದರೆ ಕಡತದ ಒಂದೊಂದು ಬೈಟನ್ನೂ ಅರೆದು ತೆಗೆದ ಗುರುತುಸಂಖ್ಯೆ. ಈಗ ರೂಢಿಯಲ್ಲಿರುವ ಎಸ್‌ಎಚ್‌ಎ-256 ಲೆಕ್ಕದಲ್ಲಿ ಅದು 256 ಬಿಟ್, ಬರೆದರೆ 64 ಅಕ್ಷರ. ಕರಾರಿನಲ್ಲಿ ಒಂದು ಅಲ್ಪವಿರಾಮ ಬದಲಾದರೂ ಇಡೀ ಸಂಖ್ಯೆ ಗುರುತೇ ಸಿಗದಷ್ಟು ಬೇರೆಯಾಗುತ್ತದೆ. ಸಂಖ್ಯೆಯಿಂದ ಕಡತವನ್ನು ಮರಳಿ ಹೊರಡಿಸಲು ಬರುವುದಿಲ್ಲ. ಎರಡನೆಯ ಉಪಾಯ ಇನ್ನೂ ಮುಖ್ಯ: ಮುದ್ರೆ ಹಾಕುವ ಕಚೇರಿಯವನೇ ಲಂಚ ತಿಂದರೆ ಏನು ಗತಿ? ಅದಕ್ಕಾಗಿ ಪ್ರತಿ ಮುದ್ರೆಯೊಳಗೆ ಹಿಂದಿನ ಮುದ್ರೆಯ ಹ್ಯಾಷನ್ನು ಹೆಣೆದರು. ನಡುವೆ ಒಂದನ್ನು ತುರುಕಬೇಕೆಂದರೆ ಮುಂದಿನವನ್ನೆಲ್ಲ ತಿದ್ದಬೇಕು. ಅವರು ಹುಟ್ಟುಹಾಕಿದ ಶ್ಯೂರಿಟಿ ಎಂಬ ಕಂಪನಿ 1995ರಿಂದ ವಾರಕ್ಕೊಮ್ಮೆ ಆ ಸರಪಳಿಯ ತುದಿಯ ಹ್ಯಾಷನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸಣ್ಣ ಜಾಹೀರಾತಿನ ಅಂಕಣದಲ್ಲಿ ಅಚ್ಚು ಹಾಕಿಸಿತು. ಊರೂರಿನ ಗ್ರಂಥಾಲಯಗಳಲ್ಲಿ ಕೂತ ಪತ್ರಿಕೆಯ ಪ್ರತಿಗಳನ್ನು ಯಾವ ಲಂಚವೂ ತಿದ್ದಲಾರದು. 2008ರ ಬಿಟ್‌ಕಾಯಿನ್ ಪ್ರಬಂಧ ಉಲ್ಲೇಖಿಸುವ 8 ಬರಹಗಳಲ್ಲಿ 3 ಇವರಿಬ್ಬರ ಕೆಲಸವೇ.

ತಾರೀಖನ್ನು ತನ್ನ ಕೈಮೀರಿದ ಒಂದು ಘಟನೆಗೆ ಕಟ್ಟಿಹಾಕುವ ಈ ಬುದ್ಧಿ ನಮ್ಮ ಶಾಸನಗಳಲ್ಲಿಯೂ ಕಾಣುತ್ತದೆ. ದಾನ ಬರೆಸುವಾಗ ಶಕವರ್ಷವೊಂದನ್ನೇ ಹಾಕಿ ಬಿಡುತ್ತಿರಲಿಲ್ಲ. ಸಂವತ್ಸರ, ಮಾಸ, ತಿಥಿ, ವಾರ, ಎಷ್ಟೋ ಸಲ ಸೂರ್ಯಗ್ರಹಣ ಅಥವಾ ಸಂಕ್ರಾಂತಿ, ಎಲ್ಲವನ್ನೂ ಕೆತ್ತಿಸುತ್ತಿದ್ದರು. ಗ್ರಹಣ ಯಾವ ಅರಸನ ಕೈಯಲ್ಲೂ ಇಲ್ಲ. ಆಮೇಲೆ ಕೂತು ಹಳೆಯ ಕಾಲದ ತಾಮ್ರಪಟ ಸೃಷ್ಟಿಸಿದವರು ಇಲ್ಲಿಯೇ ಸಿಕ್ಕಿಬೀಳುತ್ತಿದ್ದದ್ದು. ಹೇಳಿದ ತಿಥಿಗೆ ಹೇಳಿದ ವಾರ ಕೂಡಿಬರುತ್ತಿರಲಿಲ್ಲ. ಮುಂಬೈ ಪ್ರಾಂತದ ಅಧಿಕಾರಿಯಾಗಿದ್ದ ಜೆ.ಎಫ್. ಫ್ಲೀಟ್ ಖೊಟ್ಟಿ ತಾಮ್ರಪಟಗಳನ್ನು ಬೇರ್ಪಡಿಸುವಾಗ ಲಿಪಿಯ ಜೊತೆಗೆ ಈ ಲೆಕ್ಕವನ್ನೂ ಹಿಡಿದ. ಗದುಗಿನ ಪಕ್ಕದ ಲಕ್ಕುಂಡಿಯಲ್ಲಿ ಅತ್ತಿಮಬ್ಬೆಯ ಶಾಸನ 1007ರದ್ದು. ಅದು ಶಕ 929. ಆ ವರ್ಷ ಪ್ಲವಂಗ ಸಂವತ್ಸರಕ್ಕೆ ಬರುತ್ತದೋ ಇಲ್ಲವೋ ಎಂದು ಇವತ್ತೂ ಯಾರು ಬೇಕಾದರೂ ಎಣಿಸಿ ನೋಡಬಹುದು, ಯಾರ ಅಪ್ಪಣೆಯೂ ಬೇಕಾಗಿಲ್ಲ. ಒಳ್ಳೆಯ ಸಮಯಮುದ್ರೆಗೆ ಇರಬೇಕಾದ ಗುಣ ಇದೇ.

ಇಂಥ ಮುದ್ರೆ ಹಾಕುವ ಆ್ಯಪ್ ಕಟ್ಟುವುದು ಕಷ್ಟವೇ? ಇಲ್ಲ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಕೊನೆಯ ವರ್ಷದ ಹುಡುಗರು ಆರಿಸಿಕೊಳ್ಳುವ ಪ್ರಾಜೆಕ್ಟುಗಳಲ್ಲಿ ಇದೂ ಒಂದು. ಅವರು ಸಾಮಾನ್ಯವಾಗಿ ಮಾಡುವುದು ಹೀಗೆ: ಇಥೀರಿಯಂ ಎಂಬ ಇನ್ನೊಂದು ಬ್ಲಾಕ್‌ಚೇನ್ ಮೇಲೆ ನಾಲ್ಕಾರು ಸಾಲಿನ ಒಂದು ಸ್ಮಾರ್ಟ್ ಕಾಂಟ್ರ್ಯಾಕ್ಟ್ (ಚೇನಿನ ಮೇಲೆಯೇ ನಡೆಯುವ ಪುಟ್ಟ ಪ್ರೋಗ್ರಾಂ), ಹ್ಯಾಷ್ ಕೊಟ್ಟರೆ ಅದರ ಎದುರಿಗೆ ಆ ಬ್ಲಾಕಿನ ಸಮಯ ಬರೆದಿಡುತ್ತದೆ, ಮೊದಲೇ ಇದ್ದರೆ ಬೇಡ ಎನ್ನುತ್ತದೆ. ಕೆಲಸ ನಡೆಯುತ್ತದೆ, ದುಡ್ಡಿನ ಲೆಕ್ಕ ಕೂಡುವುದಿಲ್ಲ. ಪ್ರತಿ ವ್ಯವಹಾರಕ್ಕೆ ಮೂಲ ಖರ್ಚೇ 21,000 ಗ್ಯಾಸ್ (ಇಥೀರಿಯಂನಲ್ಲಿ ಫೀ ಎಣಿಸುವ ಅಳತೆ), ಹೊಸ ಜಾಗದಲ್ಲಿ ಒಂದು ಸಂಖ್ಯೆ ಬರೆದಿಡಲು ಮತ್ತೆ ಸುಮಾರು ಅಷ್ಟೇ. ದಿನಕ್ಕೆ ಸಾವಿರ ಕರಾರು ಬಂದರೆ ಸಾವಿರ ಸಲ ತೆರಬೇಕು.

ಜಾಣರು ಮಾಡುವುದು ಬೇರೆ. ರಾಲ್ಫ್ ಮರ್ಕಲ್ 1979ರ ಹೊತ್ತಿಗೆ ಕೊಟ್ಟ ಮರದ ಲೆಕ್ಕವನ್ನು ಬಳಸುತ್ತಾರೆ. ಸಾವಿರ ಹ್ಯಾಷ್‌ಗಳನ್ನು ಎರಡೆರಡಾಗಿ ಜೋಡಿಸಿ ಮತ್ತೆ ಹ್ಯಾಷ್ ಮಾಡುತ್ತ ಹೋದರೆ ಕೊನೆಗೆ ಒಂದೇ ಬೇರು ಉಳಿಯುತ್ತದೆ. ಚೇನಿಗೆ ಹೋಗುವುದು ಆ ಬೇರು ಮಾತ್ರ, ಒಂದೇ ವ್ಯವಹಾರ, ಒಂದೇ ಫೀ. ನಿಮ್ಮ ಕರಾರು ಆ ಮರದಲ್ಲಿತ್ತು ಎಂದು ತೋರಿಸಲು ದಾರಿಯಲ್ಲಿ ಜೊತೆಗೂಡಿದ 10 ಹ್ಯಾಷ್ ಸಾಕು. ಹತ್ತು ಲಕ್ಷ ದಾಖಲೆ ಇದ್ದರೂ 20 ಸಾಕು. ಪೀಟರ್ ಟಾಡ್ 2016ರಲ್ಲಿ ಹೊರತಂದ ಓಪನ್‌ಟೈಮ್‌ಸ್ಟ್ಯಾಂಪ್ಸ್ ಎಂಬ ಮುಕ್ತ ತಂತ್ರಾಂಶ ಹೀಗೆಯೇ ಬೇರುಗಳನ್ನು ಬಿಟ್‌ಕಾಯಿನ್‌ಗೆ ಕಟ್ಟುತ್ತದೆ, ಬಳಸುವವರಿಂದ ದುಡ್ಡು ಕೇಳುವುದಿಲ್ಲ. ನಾನಾದರೆ ಹೊಸ ಕಾಂಟ್ರ್ಯಾಕ್ಟ್ ಬರೆಯುವುದಕ್ಕಿಂತ ಇದರ ಮೇಲೆ ಒಂದು ಕನ್ನಡದ ಮುಖಪುಟ ಕಟ್ಟುತ್ತೇನೆ. ಕಡತ ಮೊಬೈಲ್ ಬಿಟ್ಟು ಹೋಗಬಾರದು, ಬ್ರೌಸರಿನೊಳಗೇ ಹ್ಯಾಷ್ ಆಗಬೇಕು. ಈಗಿನ ಎಲ್ಲ ಬ್ರೌಸರುಗಳಲ್ಲಿ ಆ ಸೌಲಭ್ಯ ಬಂದೇ ಇರುತ್ತದೆ. ಸರ್ವರಿಗೆ ಹೋಗುವುದು 64 ಅಕ್ಷರ. ವಾಪಸ್ ಬರುವುದು ಒಂದು ಪುಟ್ಟ ಪುರಾವೆ ಕಡತ, ಅದನ್ನು ಮೂಲ ಪಿಡಿಎಫ್ ಜೊತೆಗೆ ಗ್ರಾಹಕರೇ ಇಟ್ಟುಕೊಳ್ಳಬೇಕು.

ಗಡಿಯಾರದ ಬಗ್ಗೆ ಒಂದು ಮಾತು. ಬಿಟ್‌ಕಾಯಿನ್‌ನಲ್ಲಿ ಸರಾಸರಿ 10 ನಿಮಿಷಕ್ಕೊಂದು ಬ್ಲಾಕ್ ಬರುತ್ತದೆ, ಆದರೆ ಬ್ಲಾಕಿನ ಮೇಲೆ ಅದನ್ನು ಕಟ್ಟುವ ಮೈನರ್ ಹಾಕುವ ಸಮಯ 2 ಗಂಟೆಯವರೆಗೆ ಮುಂದೆ ಇದ್ದರೂ ನೆಟ್‌ವರ್ಕ್ ಒಪ್ಪುತ್ತದೆ. "11 ಗಂಟೆ 42 ನಿಮಿಷಕ್ಕೆ ಮುದ್ರಿತ" ಎಂದು ಸರ್ಟಿಫಿಕೇಟ್ ಅಚ್ಚು ಹಾಕಿಕೊಡುವ ಆ್ಯಪು ತನಗೆ ಗೊತ್ತಿಲ್ಲದ್ದನ್ನು ಹೇಳುತ್ತಿದೆ. ದಿನದ ಮಟ್ಟಿಗೆ ನಂಬಬಹುದು. ಜಮೀನಿನ ಕರಾರಿಗೆ ಅಷ್ಟು ಸಾಕು.

ಇನ್ನು ನಿಜವಾದ ತೊಂದರೆ ಬರುವುದು ಗಣಿತದಿಂದ ಅಲ್ಲ, ವಾಟ್ಸ್ಆ್ಯಪ್‌ನಿಂದ. ಬಾಂಡ್ ಬರೆಯುವವರ ಅಂಗಡಿಯಲ್ಲಿ ಕರಾರು ತಯಾರಾಗುತ್ತದೆ, ಸಹಿ ಆಗುತ್ತದೆ, ಮೊಬೈಲ್‌ನಲ್ಲಿ ಫೋಟೊ ಹೊಡೆದು ಇನ್ನೊಬ್ಬ ಪಾರ್ಟಿಗೆ ಕಳಿಸುತ್ತಾರೆ. ಫೋಟೊ ಆಗಿ ಕಳಿಸಿದರೆ ವಾಟ್ಸ್ಆ್ಯಪ್ ಅದನ್ನು ಹಿಂಡಿ ಸಣ್ಣದು ಮಾಡುತ್ತದೆ. ಕಣ್ಣಿಗೆ ಅದೇ ಕಾಗದ, ಹ್ಯಾಷ್ ಬೇರೆ. ನಾಳೆ ಕೋರ್ಟಿನಲ್ಲಿ ಆ ಪ್ರತಿಯನ್ನು ಹಾಕಿ ಪರೀಕ್ಷಿಸಿದರೆ "ಹೊಂದಾಣಿಕೆ ಇಲ್ಲ" ಎಂದು ಕೆಂಪು ಅಕ್ಷರ ಬರುತ್ತದೆ, ಪ್ರಾಮಾಣಿಕನೇ ಕಳ್ಳನಾಗಿ ನಿಲ್ಲುತ್ತಾನೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಬೈಟುಗಳು ಹಾಗೆಯೇ ಹೋಗುತ್ತವೆ. ಇದನ್ನು ಆ್ಯಪಿನ ಮೊದಲ ಪರದೆಯಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಯದ ತಂತ್ರಜ್ಞರು ಬೇರೆ ಏನು ಬರೆದರೂ ವ್ಯರ್ಥ.

ಕನ್ನಡಕ್ಕೆ ಸೇರಿದ ತೊಡಕು ಇನ್ನೊಂದಿದೆ. ಪಿಡಿಎಫ್ ಬಿಟ್ಟು ಬರೀ ಪಠ್ಯವನ್ನು ಹ್ಯಾಷ್ ಮಾಡಲು ಹೊರಟರೆ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್ ಕಾಲು ಜಾರಿಸುತ್ತದೆ. "ಕೊಟ್ಟಿದ್ದೇನೆ" ಎಂಬಲ್ಲಿನ "ಕೊ" ಅಕ್ಷರದ ಒತ್ವವನ್ನು ಒಂದೇ ಸಂಕೇತವಾಗಿ ಇಡಬಹುದು, ಎತ್ವ ಮತ್ತು ಕೊಂಬಿನ ದೀರ್ಘದ ಎರಡು ಸಂಕೇತವಾಗಿಯೂ ಇಡಬಹುದು. ಪರದೆಯ ಮೇಲೆ ಎರಡಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ, ಹ್ಯಾಷ್ ಮಾತ್ರ ಬೇರೆ ಬೇರೆ. ಹಳೆಯ ನುಡಿ ಫಾಂಟಿನಲ್ಲಿ ಟೈಪಾದ ಕಡತವನ್ನು ಯೂನಿಕೋಡ್‌ಗೆ ಪರಿವರ್ತಿಸಿದರಂತೂ ಹೇಳುವುದೇ ಬೇಡ. ಆದ್ದರಿಂದ ಪಠ್ಯ ಬೇಡ, ಕೊನೆಯ ಪಿಡಿಎಫ್‌ಗೇ ಮುದ್ರೆ ಹಾಕಿ, ಆಮೇಲೆ ಅದನ್ನು ತೆರೆದು ಮತ್ತೆ ಸೇವ್ ಮಾಡಬೇಡಿ. ಹ್ಯಾಷನ್ನು ಕ್ಯೂಆರ್ ಮಾಡಿ ಅದೇ ಕರಾರಿನ ಮೂಲೆಯಲ್ಲಿ ಅಚ್ಚು ಹಾಕೋಣ ಎಂದು ಕೇಳುವವರೂ ಇದ್ದಾರೆ. ಅಚ್ಚು ಹಾಕಿದ ಕ್ಷಣವೇ ಕಡತ ಬದಲಾಯಿತು, ಹ್ಯಾಷೂ ಬದಲಾಯಿತು. ಬೇಕಿದ್ದರೆ ಅದು ಬೇರೆ ಹಾಳೆಯಲ್ಲಿ ಅನುಬಂಧವಾಗಿ ಹೋಗಲಿ.

ಹ್ಯಾಷ್‌ನಿಂದ ಗುಟ್ಟು ಹೊರಬೀಳುವುದಿಲ್ಲ ಎನ್ನುವುದೂ ಪೂರ್ತಿ ಸರಿಯಲ್ಲ. ಆಧಾರ್ ಸಂಖ್ಯೆ 12 ಅಂಕಿಯದ್ದು; ಸಾಧ್ಯವಿರುವ ಸಂಖ್ಯೆಗಳು ಒಂದು ಲಕ್ಷ ಕೋಟಿಯ ಒಳಗೆ. ಗ್ರಾಫಿಕ್ಸ್ ಕಾರ್ಡ್ ಇರುವ ಒಂದು ಕಂಪ್ಯೂಟರಿಗೆ ಅಷ್ಟನ್ನೂ ಹ್ಯಾಷ್ ಮಾಡಿ ತಾಳೆ ನೋಡುವುದು ದೊಡ್ಡ ಕೆಲಸವಲ್ಲ. ಸಣ್ಣ, ಊಹೆಗೆ ಸಿಗುವ ಮಾಹಿತಿಯನ್ನು ಬರಿದಾಗಿ ಹ್ಯಾಷ್ ಮಾಡಿ ಚೇನಿಗೆ ಹಾಕಬಾರದು, ಜೊತೆಗೆ ಒಂದು ಯಾದೃಚ್ಛಿಕ ಸಂಖ್ಯೆ ಬೆರೆಸಬೇಕು. ಚೇನಿಗೆ ಹೋದದ್ದನ್ನು ಅಳಿಸಲು ಬರುವುದಿಲ್ಲ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೋ ಅಳಿಸುವ ಹಕ್ಕು ಕೊಡುತ್ತದೆ.

ಈ ಅರ್ಧ ಸಾಕ್ಷಿ ಎಲ್ಲಿ ಕೈಕೊಡುತ್ತದೆ ಎನ್ನುವುದಕ್ಕೆ ಹಾವೇರಿ ಜಿಲ್ಲೆಯ ಬೆಳೆವಿಮೆಯನ್ನೇ ನೋಡಿ. ವರದಾ ನದಿಯ ದಂಡೆಯ ಗೋವಿನಜೋಳದ ಹೊಲಕ್ಕೆ ನೀರು ನುಗ್ಗಿತು ಎಂದುಕೊಳ್ಳೋಣ. ಫಸಲ್ ಬಿಮಾದಲ್ಲಿ ಇಂಥ ಸ್ಥಳೀಯ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕು. ಹೊಲದ ಫೋಟೊಗೆ ಸಮಯಮುದ್ರೆ ಹಾಕಿದರೆ ರೈತನಿಗೆ ಬಲ ಬಂದೀತು ಎನಿಸುತ್ತದೆ. ಆದರೆ ವಿಮಾ ಕಂಪನಿಯ ಅನುಮಾನ "ಇದು ಹೋದ ವರ್ಷದ ಫೋಟೊ ಇರಬಹುದು" ಎಂಬುದು. ಹೋದ ವರ್ಷದ ಫೋಟೊಗೂ ಇವತ್ತು ಮುದ್ರೆ ಹಾಕಬಹುದು, ಬ್ಲಾಕ್‌ಚೇನ್ ಬೇಡ ಎನ್ನುವುದಿಲ್ಲ. ಇಲ್ಲಿ ಬೇಕಾದದ್ದು ಇ-ಸ್ಟಾಂಪಿನ ಥರದ ಸಾಕ್ಷಿ, "ಇದಕ್ಕಿಂತ ಮೊದಲಿನದಲ್ಲ" ಎನ್ನುವುದು. ಬಿಟ್‌ಕಾಯಿನ್‌ನ ಮೊದಲ ಬ್ಲಾಕಿನೊಳಗೆ 2009ರ ಜನವರಿ 3ರ ಲಂಡನ್ ಟೈಮ್ಸ್ ಪತ್ರಿಕೆಯ ತಲೆಬರಹ ಹುದುಗಿಸಿದ್ದು ಇದೇ ಕಾರಣಕ್ಕೆ ಎಂದು ಓದಬಹುದು. ಆ ಪತ್ರಿಕೆ ಹೊರಬರುವ ಮುಂಚೆ ಆ ಬ್ಲಾಕ್ ತಯಾರಾಗಿರಲು ಶಕ್ಯವಿಲ್ಲ. ಹೊಲದ ಫೋಟೊದಲ್ಲಿಯೂ ಅಂದಿನ ಪತ್ರಿಕೆ ಹಿಡಿದು ನಿಲ್ಲಬಹುದು, ಆದರೆ ಫೋಟೊ ತಿದ್ದುವುದು ಸುಲಭವಾದ ಈ ಕಾಲದಲ್ಲಿ ಅದನ್ನು ಎಷ್ಟು ನಂಬುವುದು? ಹೊಲಕ್ಕೆ ಕಾಲಿಟ್ಟು ನೋಡುವ ಸಮೀಕ್ಷೆಗೆ ಇಲ್ಲಿ ಪರ್ಯಾಯ ಇಲ್ಲ.

ಕರಾರಿನ ವಿಷಯಕ್ಕೆ ಬಂದರೆ ಎರಡು ಅಂಚೂ ಸಿಗುತ್ತವೆ. ಇ-ಸ್ಟಾಂಪ್ ಕೆಳಗಿನ ಗಡಿ, ಸಮಯಮುದ್ರೆ ಮೇಲಿನ ಗಡಿ. ಸೋಮವಾರ ಸ್ಟಾಂಪ್ ತೆಗೆಸಿ, ಬುಧವಾರ ಸಹಿಯಾದ ಪ್ರತಿಗೆ ಮುದ್ರೆ ಹಾಕಿದರೆ, ಆ ಕಾಗದ ಹುಟ್ಟಿದ್ದು ಆ ಮೂರು ದಿನದೊಳಗೇ. ಇಷ್ಟು ಬಿಗಿಯಾದ ಸಾಕ್ಷಿ ನೋಂದಣಿಯಾಗದ ಕಾಗದಕ್ಕೆ ಇದುವರೆಗೆ ಸುಲಭವಾಗಿ ಸಿಗುತ್ತಿರಲಿಲ್ಲ. ಹಾಗಂತ ಕುತಂತ್ರಕ್ಕೆ ದಾರಿ ಇಲ್ಲವೆಂದಲ್ಲ. ಎಕರೆಗೆ 12 ಲಕ್ಷ, 15 ಲಕ್ಷ, 18 ಲಕ್ಷ ಎಂದು ಮೂರು ಪ್ರತಿ ಮಾಡಿ, ಮೂರಕ್ಕೂ ಅದೇ ದಿನ ಮುದ್ರೆ ಹಾಕಿಟ್ಟು, ಬೇಕಾದದ್ದನ್ನು ಆಮೇಲೆ ಹೊರತೆಗೆಯುವವನನ್ನು ಹ್ಯಾಷ್ ಹಿಡಿಯಲಾರದು. ಎರಡೂ ಕಡೆಯವರು ಆಧಾರ್ ಇ-ಸಹಿ ಹಾಕಿದ ಪಿಡಿಎಫ್‌ಗೆ ಮಾತ್ರ ಮುದ್ರೆ, ಪುರಾವೆ ಕಡತ ಇಬ್ಬರ ಹತ್ತಿರವೂ, ಎಂಬ ಕಟ್ಟುಪಾಡು ಆ್ಯಪಿನಲ್ಲೇ ಇದ್ದರೆ ಆ ಆಟ ಬಹುಮಟ್ಟಿಗೆ ನಿಲ್ಲುತ್ತದೆ.

ಕಾನೂನು ಏನನ್ನುತ್ತದೆ? 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಜಾಗಕ್ಕೆ ಬಂದಿದೆ. ಎಲೆಕ್ಟ್ರಾನಿಕ್ ದಾಖಲೆ ಹಾಜರುಪಡಿಸುವಾಗ ಎರಡು ಭಾಗದ ಪ್ರಮಾಣಪತ್ರ ಬೇಕು, ಅದರಲ್ಲಿ ಹ್ಯಾಷ್ ಮೌಲ್ಯ ಮತ್ತು ಅದನ್ನು ತೆಗೆದ ವಿಧಾನ ನಮೂದಿಸಬೇಕು. ಅಂದರೆ ಹ್ಯಾಷ್ ಎಂಬುದು ವಕೀಲರ ಗುಮಾಸ್ತರವರೆಗೂ ಬಂದು ಮುಟ್ಟಿದೆ. ನಮೂನೆಯಲ್ಲಿ ಎಮ್‌ಡಿ5, ಎಸ್‌ಎಚ್‌ಎ-1 ಎಂಬ ಹಳೆಯ ಹ್ಯಾಷ್ ವಿಧಾನಗಳೂ ಇವೆ. ಮೊದಲನೆಯದು 2004ರಲ್ಲಿ, ಎರಡನೆಯದು 2017ರಲ್ಲಿ ಮುರಿದುಬಿದ್ದವು, ಒಂದೇ ಹ್ಯಾಷ್ ಬರುವ ಎರಡು ಕಡತಗಳನ್ನು ಸಂಶೋಧಕರು ತಯಾರಿಸಿ ತೋರಿಸಿದರು. 256 ಇರುವ ಚೌಕಕ್ಕೇ ಟಿಕ್ ಹಾಕಿಸಿ. ಬ್ಲಾಕ್‌ಚೇನ್ ಮುದ್ರೆಗೆ ಮಾತ್ರ ಕಾನೂನಿನಲ್ಲಿ ವಿಶೇಷ ಮರ್ಯಾದೆ ಇಲ್ಲ, ಉಳಿದ ಸಾಕ್ಷ್ಯದಂತೆ ಅದನ್ನೂ ಸಾಬೀತು ಮಾಡಬೇಕು. ಹೊಲ-ಮನೆಯ ಖರೀದಿಗೆ 1908ರ ನೋಂದಣಿ ಕಾಯ್ದೆ ಬಿಟ್ಟರೆ ದಾರಿಯಿಲ್ಲ. ಉತಾರದಲ್ಲಿ ಹೆಸರು ಬರುವುದು ಅದರಿಂದಲೇ ಹೊರತು ಹ್ಯಾಷಿನಿಂದಲ್ಲ. ಡಿಜಿಟಲ್ ಸಹಿ ಕೊಡುವ ಪರವಾನಗಿ ಪಡೆದ ಸಂಸ್ಥೆಗಳ ಸಮಯಮುದ್ರೆಯೂ ಲಭ್ಯವಿದೆ, ಎಷ್ಟೋ ಕಂಪನಿ ವ್ಯವಹಾರಕ್ಕೆ ಅದೇ ಸಾಕು. ಆ ಸಂಸ್ಥೆ ಮುಚ್ಚಿದ ಮೇಲೂ ಉಳಿಯುವ ಪುರಾವೆ ಬೇಕೆಂದಾಗ ಮಾತ್ರ ಸಾರ್ವಜನಿಕ ಚೇನಿನ ಮಾತು.

ಹಾಗಾದರೆ ಯಾರ ಚೇನು? ಕೇಂದ್ರ ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ವಿಶ್ವಸ್ಯ ಎಂಬ ರಾಷ್ಟ್ರೀಯ ಬ್ಲಾಕ್‌ಚೇನ್ ವ್ಯವಸ್ಥೆ ಆರಂಭಿಸಿತು, ಭುವನೇಶ್ವರ, ಪುಣೆ, ಹೈದರಾಬಾದಿನಲ್ಲಿರುವ ಎನ್‌ಐಸಿಯ (ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ) ಡೇಟಾ ಕೇಂದ್ರಗಳಲ್ಲಿ ಅದು ನಡೆಯುತ್ತದೆ. ಇಲಾಖೆ ಇಲಾಖೆಗಳ ನಡುವಿನ ದಾಖಲೆಗೆ ಅದು ಸರಿಯೇ. ಆದರೆ ಎಲ್ಲ ನೋಡ್‌ಗಳೂ (ಚೇನಿನ ಪ್ರತಿ ಇಟ್ಟ ಕಂಪ್ಯೂಟರುಗಳೂ) ಒಂದೇ ಸಂಸ್ಥೆಯ ಕೈಯಲ್ಲಿದ್ದಾಗ, ಆ ಸಂಸ್ಥೆಯ ಮೇಲೇ ತಕರಾರು ಬಂದರೆ ಸರಪಳಿ ಸಾಕ್ಷಿ ನುಡಿಯುವುದು ಯಾರ ಪರ? ಖಾಸಗಿ ಕಂಪನಿಗಳು ತಮ್ಮದೇ ಮೂರು ಸರ್ವರಿನಲ್ಲಿ ನಡೆಸುವ "ಬ್ಲಾಕ್‌ಚೇನ್" ಇನ್ನೂ ಹಗುರ. ಅದಕ್ಕೆ ಡೇಟಾಬೇಸ್ ಎಂದು ಕರೆದರೆ ಅವಮಾನವೇನೂ ಆಗುವುದಿಲ್ಲ. ವಿದ್ಯಾರ್ಥಿಗಳು ಪುಕ್ಕಟೆ ಸಿಗುತ್ತದೆಂದು ಇಥೀರಿಯಂನ ಪರೀಕ್ಷಾ ಚೇನುಗಳನ್ನು ಬಳಸುತ್ತಾರೆ. ರಾಪ್‌ಸ್ಟನ್, ರಿಂಕ್‌ಬಿ, ಗೋರ್ಲಿ ಮೂರೂ ಒಂದರ ಹಿಂದೆ ಒಂದು ಮುಚ್ಚಿಹೋದವು. ಅವುಗಳ ಮೇಲೆ ಹಾಕಿದ "ಎಂದೂ ಅಳಿಯದ" ಮುದ್ರೆಗಳು ಈಗ ಪ್ರಾಜೆಕ್ಟ್ ವರದಿಯ ಸ್ಕ್ರೀನ್‌ಶಾಟುಗಳಲ್ಲಿ ಮಾತ್ರ ಇವೆ.

ನನ್ನನ್ನು ಕೇಳಿದರೆ, ಈ ಆ್ಯಪ್ ಮೊದಲು ಹೋಗಬೇಕಾದದ್ದು ರಿಯಲ್ ಎಸ್ಟೇಟಿಗಲ್ಲ, ಸಹಕಾರಿ ಸಂಘಗಳ ಠರಾವು ಪುಸ್ತಕಕ್ಕೆ. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ ನೆಲ ಇದು. ಆ ಪರಂಪರೆಯ ಸಂಘಗಳಲ್ಲಿ ಜಗಳ ಹತ್ತುವುದು ಬಹುತೇಕ ಠರಾವಿನ ಮೇಲೆ. ಸಭೆ ಮುಗಿದ ಮೇಲೆ ಎರಡು ಠರಾವುಗಳ ನಡುವೆ ಬಿಟ್ಟ ಖಾಲಿ ಜಾಗದಲ್ಲಿ ಒಂದು ಸಾಲು ಸೇರುತ್ತದೆ, ಯಾರದೋ ಸಾಲ ಮಂಜೂರಾಗುತ್ತದೆ, ಯಾರನ್ನೋ ನೌಕರಿಗೆ ತೆಗೆದುಕೊಂಡಂತಾಗುತ್ತದೆ. ಸಭೆ ಮುಗಿದ ಸಂಜೆಯೇ ಪುಟಗಳನ್ನು ಸ್ಕ್ಯಾನ್ ಮಾಡಿ ಮುದ್ರೆ ಹಾಕಿ, ಪುರಾವೆ ಕಡತವನ್ನು ಎಲ್ಲ ನಿರ್ದೇಶಕರಿಗೆ ಕಳಿಸಿದರೆ ಆ ಖಾಲಿ ಜಾಗ ಖಾಲಿಯೇ ಉಳಿಯುತ್ತದೆ. ಇಲ್ಲಿ ಯಾರಿಗೂ ಬೇಕಾದದ್ದು ಮೇಲಿನ ಗಡಿ ಮಾತ್ರ, ಬ್ಲಾಕ್‌ಚೇನ್ ಕೊಡುವುದೂ ಅದನ್ನೇ. ಚೇನಿನ ಸಹವಾಸವೇ ಬೇಡ ಎನ್ನುವ ಸಂಘವಿದ್ದರೆ ಶ್ಯೂರಿಟಿಯ ದಾರಿ ಇದೆ. ಜಿಲ್ಲೆಯ ಸಂಘಗಳೆಲ್ಲ ಕೂಡಿ ವಾರದ ಬೇರು-ಹ್ಯಾಷನ್ನು ಹುಬ್ಬಳ್ಳಿಯಿಂದ ಹೊರಡುವ ಯಾವುದಾದರೂ ದಿನಪತ್ರಿಕೆಯಲ್ಲಿ, ಹೆಸರು ಬದಲಾವಣೆ ಮತ್ತು ಜಾಹೀರ್ ನೋಟಿಸ್‌ಗಳ ಪಕ್ಕ ಎರಡು ಸಾಲು ಅಚ್ಚು ಹಾಕಿಸಬಹುದು.

ಇಂಥ ಆ್ಯಪ್ ಮಾರಲು ಯಾರಾದರೂ ಸಂಘದ ಕಚೇರಿಗೆ ಬಂದರೆ ಆಡಳಿತ ಮಂಡಳಿಯವರು ಒಂದು ಪರೀಕ್ಷೆ ಇಡಬೇಕು. ಹಳೆಯ ಒಂದು ಪಿಡಿಎಫ್, ಅದರ ಪುರಾವೆ ಕಡತ ಎರಡನ್ನೂ ಮೇಜಿನ ಮೇಲಿಟ್ಟು, ಕಂಪನಿಯ ವೆಬ್‌ಸೈಟ್ ಬಂದ್ ಮಾಡಿಸಿ, ಅವರ ಲಾಗಿನ್ ಇಲ್ಲದೆ, ಬೇರೆಯವರ ಕಂಪ್ಯೂಟರಿನಲ್ಲಿ, ಮುಕ್ತ ತಂತ್ರಾಂಶದಿಂದ ತಾರೀಖು ಸಾಬೀತು ಮಾಡಿ ತೋರಿಸಿರಿ ಎನ್ನಬೇಕು. "ನಮ್ಮ ಸರ್ವರ್ ಬೇಕಾಗ್ತದ್ರಿ" ಎಂದರೆ ಚಹಾ ಕುಡಿಸಿ ಕಳಿಸಬಹುದು.